ಬರ್ತೀನಿ ಅಂದ ಶಾಸ್ತ್ರಿಗಳು

"ಇನ್ನು ಮೇಲೆ ಕನ್ನಡ ಅನ್ನೋದು ನನ್ನ ಪುಸ್ತಕ ಹೇಳಿದ ಹಾಗೆ ನಡೀಬೇಕು!" ತಾವು ಬರೆದ ನಿಘಂಟನ್ನು ಎತ್ತಿ ಹಿಡಿದು ಆಸ್ಥಾನ ಪಂಡಿತ ನರಹರಿ ಶಾಸ್ತ್ರಿಗಳು ಗುಡುಗಿದರು. "ಇಲ್ಲಿರೋದೇ ಅರ್ಥ. ಮಿಕ್ಕಿದ್ದೆಲ್ಲ ಸುಳ್ಳು."

ದೊರೆ ಮಲ್ಲರಸನಿಗೆ ದಪ್ಪ ಪುಸ್ತಕ ಕಂಡರೆ ಬಲು ಭಕ್ತಿ. ಅವತ್ತೇ ಡಂಗುರ ಹೊಡೆಸಿಬಿಟ್ಟ: ಪುಸ್ತಕದ ಅರ್ಥ ಮೀರಿದವರಿಗೆ ಗಡಿಪಾರು.

ಮೊದಲು ಸಿಕ್ಕಿಬಿದ್ದವಳು ಅರಮನೆಯಲ್ಲಿ ದೀಪ ನೋಡಿಕೊಳ್ಳುವ ಮುದುಕಿ ಸಂಕವ್ವ. ಬೆಳಕು ಹರಿಯಿತು ಅಂತ ರಾಣಿ, "ದೀಪ ದೊಡ್ಡದು ಮಾಡು" ಅಂದಳು. ದೀಪ ಆರಿಸು ಅಂತ ಬಾಯಲ್ಲಿ ಅನ್ನಬಾರದಲ್ಲ, ಮನೆಮನೆಯಲ್ಲೂ ಹೇಳೋದು ಹೀಗೇ. ಸಂಕವ್ವ ಹೋಗಿ ಆರಿಸಿದಳು.

ಶಾಸ್ತ್ರಿಗಳು ಕುಣಿದಾಡಿಬಿಟ್ಟರು. "ದೊಡ್ಡದು ಅಂದರೆ ಹಿರಿದಾದದ್ದು! ಇವಳು ಅಪ್ಪಣೆ ಮೀರಿದ್ದಾಳೆ!"

ಡಂಗುರ ಹೊಡೆಸಿದ ದೊರೆ ಮಾತು ತಪ್ಪುವಂತಿಲ್ಲ. ಹೊತ್ತು ಮುಳುಗೋದರೊಳಗೆ ಸಂಕವ್ವ ಊರು ಬಿಡಬೇಕು ಅಂತಾಯಿತು. ಬಟ್ಟೆಯ ಗಂಟು ಕಟ್ಟಿಕೊಂಡು ಸಭೆಯ ಮೂಲೆಯಲ್ಲಿ ಕೂತಳು.

"ಹುಟ್ಟಿದಾಗಿಂದ ಆಡಿದ ಮಾತು ಕಣಪ್ಪಾ ಕಾಟಯ್ಯ. ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಿ?"

ಹಳ್ಳಿಯಿಂದ ಬಂದು ಆಸ್ಥಾನ ಸೇರಿದ ಕಾಟಯ್ಯ ಮೀಸೆ ತಿರುವಿದ. ತನ್ನಂಥ ಜಾಣ ರಾಜ್ಯದಲ್ಲೇ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ದಿನಾ ಹೇಳುತ್ತಿದ್ದ.

"ಅಳಬೇಡ ಕಣವ್ವ. ಶಾಸ್ತ್ರಿಗಳು ಊಟಕ್ಕೆ ಏಳಲಿ, ಅಷ್ಟು ಸಾಕು ನನಗೆ."

ಊಟದ ಹೊತ್ತಾಯಿತು. ಶಾಸ್ತ್ರಿಗಳು ಎದ್ದು ಕೈಮುಗಿದರು. "ಅಪ್ಪಣೆಯಾಗಲಿ ಪ್ರಭು. ಬರ್ತೀನಿ." ಬಾಗಿಲ ಕಡೆ ತಿರುಗಿದರು.

"ಹಿಡೀರಿ ಅವರನ್ನ!" ಕಾಟಯ್ಯ ಕೂಗಿದ. "ಬರ್ತೀನಿ ಅಂತ ಹೇಳಿ ಹೋಗ್ತಾ ಇದ್ದಾರೆ!"

ದೊರೆ ಪುಸ್ತಕ ತೆರೆಸಿದ. 'ಬರು: ದೂರದಿಂದ ಹತ್ತಿರಕ್ಕೆ ಸಾಗು.'

"ಬನ್ನಿ ಶಾಸ್ತ್ರಿಗಳೇ," ಕಾಟಯ್ಯ ಕರೆದ. "ಇನ್ನೂ ಹತ್ತಿರ. ಇನ್ನೂ."

ಶಾಸ್ತ್ರಿಗಳ ಮೂಗು ದೊರೆಯ ಮೊಣಕಾಲಿಗೆ ತಾಗಿತು.

"ಮನೆಗೆ ಹೋಗಬೇಕಾದರೆ, ಹೋಗ್ತೀನಿ ಅನ್ನಿ. ಪುಸ್ತಕದ ಪ್ರಕಾರ ಅದೇ ತಾನೆ?"

"ಛೇ ಛೇ! ಅಂಥ ಅಪಶಕುನ ನುಡೀಲಾ? ನಾನೇನು ಸಾಯೋಕೆ ಹೊರಟಿದ್ದೀನಾ?"

"ಹಾಗಾದರೆ ಇಲ್ಲೇ ಇರಿ. ಮನೆಯಲ್ಲಿ ಸಾರು ಆರಿದರೆ ಆರಲಿ."

ಶಾಸ್ತ್ರಿಗಳ ಹೊಟ್ಟೆ ಗುರ್ ಅಂದದ್ದು ಇಡೀ ಸಭೆಗೆ ಕೇಳಿಸಿತು. "ಅಯ್ಯೋ, ಬರ್ತೀನಿ ಅಂದರೆ ಹೊರಟೆ ಅಂತ ಕಣಯ್ಯಾ! ಇಡೀ ಊರೇ ಹಾಗೆ ಅನ್ನುತ್ತೆ!"

"ಆ ಊರಲ್ಲಿ ಸಂಕವ್ವ ಇಲ್ಲವಾ ಸ್ವಾಮಿ?"

ದೊರೆ ಮೂಲೆಯಲ್ಲಿದ್ದ ಗಂಟಿನ ಕಡೆ ನೋಡಿ ಹೇಳಿದ: "ಗಂಟು ಬಿಚ್ಚವ್ವ, ನೀನು ಎಲ್ಲಿಗೂ ಹೋಗಬೇಕಿಲ್ಲ. ಶಾಸ್ತ್ರಿಗಳೇ, ಜನ ಆಡಿದ್ದನ್ನ ನೀವು ಬರ್ಕೊಳ್ಳಿ. ನೀವು ಬರೆದಿದ್ದನ್ನ ಜನ ಆಡಬೇಕಿಲ್ಲ. ಕಾಟಯ್ಯಾ, ನಿನಗೇನು ಬೇಕು ಕೇಳು."

ಕಾಟಯ್ಯ ಎದೆ ಉಬ್ಬಿಸಿದ. "ಆ ಪುಸ್ತಕದಲ್ಲಿ ಜಾಣ ಅಂದರೆ ಕಾಟಯ್ಯ ಅಂತ ಬರೆಸಿಬಿಡಿ ಪ್ರಭು."

ಶಾಸ್ತ್ರಿಗಳು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. "ಬರೆಯೋಣಂತೆ. ಮೊದಲು ಜನ ಹಾಗೆ ಅನ್ನಲಿ."

ಸಂಕವ್ವ ಕೂಡ ಸೆರಗು ಬಾಯಿಗೆ ಹಿಡಿದು ನಕ್ಕಳು. ದೊರೆ ಬಿದ್ದು ಬಿದ್ದು ನಗುತ್ತಾ ತನ್ನ ಜರತಾರಿ ಶಾಲು ತೆಗೆದ. ಕಾಟಯ್ಯ ಹೆಗಲು ಮುಂದೆ ಮಾಡಿ ನಿಂತ.

ದೊರೆ ಅದನ್ನು ಶಾಸ್ತ್ರಿಗಳಿಗೆ ಹೊದಿಸಿದ.