ತಿರುವಿನಲ್ಲಿ ನಿಂತ ಗಾಡಿ

"ಗುರುಗಳೇ, ಇಷ್ಟು ವರ್ಷ ಕಣ್ಣು ಮುಚ್ಚಿ ಕೂತೆ, ಕಣ್ಣು ತೆರೆದೂ ಕೂತೆ. ಬೇರೆಯವರಿಗೆ ಕಂಡದ್ದು ನನಗೇಕೆ ಕಾಣುವುದಿಲ್ಲ?"

ಶಿಷ್ಯ ಇದನ್ನು ಕೇಳಿದ್ದು ಬಾಗಿಲಲ್ಲಿ ನಿಂತು. ಒಳಗೆ ಬಂದು ಕೂರುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಎರಡೂ ಕೈಗಳಿಂದ ಬಾಗಿಲ ಚೌಕಟ್ಟನ್ನು ಹಿಡಿದಿದ್ದ. ಅವನ ಹಿಂದೆ, ಅಂಗಳದಲ್ಲಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದು ಗುಬ್ಬಚ್ಚಿ ಬಂದು ಕೂತಿತು, ಹಾರಿಹೋಯಿತು, ಮತ್ತೆ ಬಂದು ಕೂತಿತು. ಗುರುಗಳು ಅದನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿ ಕತೆ ಹೇಳಿದರು.

ಒಂದು ಕಾಡು. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಕಾಡು ನೋಡುವುದು ಎಂದರೆ ಅವರಿಗೆ ಹುಲಿ ನೋಡುವುದು. ಆನೆಯ ಹಿಂಡು ಕಂಡವರು, ಗರಿ ಬಿಚ್ಚಿದ ನವಿಲು ಕಂಡವರು ಕೂಡ ಗೇಟಿನ ಹೊರಗೆ ಬಂದು, 'ಏನೂ ಕಾಣಲಿಲ್ಲ' ಎನ್ನುತ್ತಿದ್ದರು.

ಅಲ್ಲಿ ಒಬ್ಬ ಹೆಂಗಸು ಸಫಾರಿ ಜೀಪು ಓಡಿಸುತ್ತಿದ್ದಳು. ಆ ಕೆಲಸದಲ್ಲಿ ಬೇರೆ ಹೆಂಗಸರಿರಲಿಲ್ಲ. ಅವಳಿಗೆ ಯಾರೂ ಕಲಿಸಿರಲಿಲ್ಲ. ಗಾಡಿ ತೊಳೆಯಲು ಬಂದವಳು, ತೊಳೆದ ಗಾಡಿಯನ್ನು ನೆರಳಿಗೆ ನಿಲ್ಲಿಸುತ್ತ ನಿಲ್ಲಿಸುತ್ತ ಓಡಿಸುವುದನ್ನು ಕಲಿತಳು. ಮುಸುವ ಎಂಬ ಕರಿಮೂತಿಯ ಕೋತಿ ಯಾವಾಗ ಸುಮ್ಮನೆ ಕೂಗುತ್ತದೆ, ಯಾವಾಗ ಹುಲಿ ಕಂಡು ಕೂಗುತ್ತದೆ ಎಂಬುದನ್ನು ಕಿವಿಯಿಂದಲೇ ಕಲಿತಳು.

'ಸ್ಟೇರಿಂಗು ಸೌಟಲ್ಲ ಕಣಕ್ಕಾ,' ಎಂದು ಉಳಿದ ಚಾಲಕರು ನಗುತ್ತಿದ್ದರು.

'ಮೊದ್ಲು ಸೌಟು ಹಿಡಿದು ಒಂದು ಸಾರು ಮಾಡ್ರೋ ನೋಡೋಣ. ಆಮೇಲೆ ಮಾತಾಡಿ,' ಎಂದು ಅವಳು ಗಾಡಿ ಬಿಟ್ಟುಕೊಂಡು ಹೋಗುತ್ತಿದ್ದಳು.

ಆ ಗೇಟಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಹೆಚ್ಚು ಹುಲಿ ತೋರಿಸುತ್ತಾರೋ ಅವರ ಗಾಡಿ ಮೊದಲು ಒಳಗೆ ಹೋಗಬೇಕು. ಉಳಿದವರು ಅದರ ಧೂಳು ಕುಡಿಯುತ್ತ ಹಿಂದೆ ಹೋಗಬೇಕು. ದಾರಿ ಒಂದು ಗಾಡಿಯಷ್ಟೇ ಅಗಲ. ಹಿಂದಿನವರು ಮುಂದಿನವರನ್ನು ದಾಟುವಂತಿಲ್ಲ. ಯಾರೂ ಕೆಳಗೆ ಇಳಿಯುವಂತಿಲ್ಲ. ಹೆಂಗಸು ಬಹಳ ಕಾಲ ಕೊನೆಯ ಗಾಡಿಯಾಗಿದ್ದಳು. ಸೀರೆಯ ಸೆರಗಿನಿಂದ ಧೂಳು ಒರೆಸಿಕೊಂಡು ಒಂದೊಂದೇ ಸ್ಥಾನ ಮುಂದೆ ಬಂದಳು. ಕೊನೆಗೆ ಮೊದಲ ಗಾಡಿ ಅವಳದಾಯಿತು. 'ನನ್ನ ಗಾಡಿ ಕಾಡೊಳಗೆ ಒಂದು ದಿನಾನೂ ಕೆಟ್ಟು ನಿಂತಿಲ್ಲ,' ಎಂಬುದು ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ ಮಾತು.

ಮೊದಲ ಗಾಡಿ ಅವಳದಾದದ್ದು ಹೀಗೆ.

ಆ ಕಾಡಿನಲ್ಲಿ ಒಂದು ಹೆಣ್ಣುಹುಲಿ ಇತ್ತು. ಮೂಗಿನ ಪಕ್ಕದಲ್ಲಿ ಕಪ್ಪು ಚುಕ್ಕೆ ಇದ್ದುದರಿಂದ ಚಾಲಕರು ಅದನ್ನು ಮೂಗುತಿ ಎಂದು ಕರೆಯುತ್ತಿದ್ದರು. ಕೆರೆಯ ಕಡೆಯ ಬಿದಿರು ಮೆಳೆಯಲ್ಲಿ ಅದು ಎರಡು ಮರಿ ಹಾಕಿತ್ತು. ಅಷ್ಟರಲ್ಲಿ ಹೊಸ ಗಂಡುಹುಲಿಯೊಂದು ಕೆರೆಯ ಕಡೆಗೆ ಬಂದಿತು. ಹೊಸ ಗಂಡು ಬಂದಲ್ಲಿ ಹಳೆಯ ಮರಿ ಉಳಿಯುವುದಿಲ್ಲ, ಕೊಂದುಹಾಕುತ್ತದೆ. ಮೂಗುತಿ ಒಂದು ಮರಿಯನ್ನು ಕಚ್ಚಿಕೊಂಡು ದಾರಿ ದಾಟಿ, ಆಚೆಯ ಬಂಡೆಗುಡ್ಡಕ್ಕೆ ಹೋಯಿತು. ಅದನ್ನು ಕಂಡವಳು ಈ ಹೆಂಗಸು. ಅವಳು ಗಾಡಿ ನಿಲ್ಲಿಸಿ ಕೈ ಎತ್ತಿದಳು. ಗಾಡಿಗಳು ಒಂದರ ಹಿಂದೆ ಒಂದು, ಮೂತಿಗೆ ಬಾಲ ತಾಗುವ ಹಾಗೆ ಬಂದು ನಿಂತವು. ಮೂಗುತಿ ಇನ್ನೊಂದು ಮರಿಗಾಗಿ ಹಿಂತಿರುಗಿತು. ದಾರಿಯ ಅಂಚಿಗೆ ಬಂದಿತು, ಗಾಡಿಗಳ ಗೋಡೆಯನ್ನು ನೋಡಿತು, ಹಿಂದಕ್ಕೆ ಹೋಯಿತು. ಮತ್ತೊಂದು ಕಡೆಯಿಂದ ಬಂದಿತು, ನಿಂತಿತು, ಹೋಯಿತು. ಜನಕ್ಕೆ ಆನಂದವೋ ಆನಂದ. 'ಎಷ್ಟು ಸಲ ದರ್ಶನ ಕೊಡ್ತು ನೋಡಿ!' ಎಂದರು. ಮೆಳೆಯೊಳಗೆ ಬೆಕ್ಕಿನ ಮರಿಯಂಥ ಒಂದು ದನಿ ಅಳುತ್ತಿತ್ತು. ಅದು ಹೆಂಗಸಿಗೆ ಮಾತ್ರ ಕೇಳಿಸಿತು. ಕತ್ತಲಾಗುವವರೆಗೂ ಗಾಡಿಗಳು ಕದಲಲಿಲ್ಲ.

ಬೆಳಗಾದಾಗ ಮೂಗುತಿಯ ಬಳಿ ಒಂದೇ ಮರಿ ಇತ್ತು. ಅದೇ ಬೆಳಿಗ್ಗೆ ಹೆಂಗಸಿನ ಗಾಡಿಯನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು.

ಎರಡು ಬೇಸಿಗೆ ಕಳೆದವು. ಮೂಗುತಿ ಅದೇ ಮೆಳೆಯಲ್ಲಿ ಮತ್ತೆ ಎರಡು ಮರಿ ಹಾಕಿತು. ಆಗ ಒಬ್ಬ ವ್ಯಾಪಾರಿ ಬಂದು ಮೊದಲ ಗಾಡಿಯನ್ನು ತನಗೊಬ್ಬನಿಗೇ ಗೊತ್ತುಮಾಡಿ ಹತ್ತಿದ. ಅವನ ಕ್ಯಾಮೆರಾ ಮೊಳದುದ್ದ ಇತ್ತು.

'ಏನಮ್ಮಾ, ನಿನ್ನ ಗಾಡಿ ಹತ್ತಿದ್ರೆ ಹುಲಿ ಗ್ಯಾರಂಟಿ ಅಂತಾರೆ. ಹೋದ ಸಲಾನೂ ಬೇರೆ ಗಾಡೀಲಿ ಬಂದೆ, ಅದರ ಹಿಂದಿನ ಸಲಾನೂ ಬಂದೆ. ಜಿಂಕೆ ನೋಡ್ಕೊಂಡು ಹೋದೆ. ಜಿಂಕೆ ನೋಡೋಕೆ ಇಷ್ಟು ದೂರ ಬರಬೇಕಾ? ನಮ್ಮೂರಲ್ಲಿ ಮೇಕೆ ಇಲ್ವಾ?'

'ಹುಲಿಗೆ ನಾನು ಹೇಳಿ ಕಳಿಸಿಲ್ಲ ಸ್ವಾಮಿ. ಆದ್ರೆ ಅದನ್ನ ನೋಡದೆ ನನ್ನ ಗಾಡಿಯಿಂದ ಯಾರೂ ಇಳಿದಿಲ್ಲ,' ಎಂದಳು ಅವಳು.

ಇಳಿಹೊತ್ತಿನಲ್ಲಿ ಗಾಡಿ ಏರು ಹತ್ತಿ ಕೆರೆಯ ತಿರುವಿಗೆ ಬಂದಿತು. ವ್ಯಾಪಾರಿ ತಲೆ ಬಗ್ಗಿಸಿ ಕ್ಯಾಮೆರಾದ ಧೂಳು ಒರೆಸುತ್ತಿದ್ದ. ತಿರುವಿನ ಆಚೆ, ದಾರಿಯ ನಡುವೆ, ಮೂಗುತಿ ನಡೆದು ಹೋಗುತ್ತಿತ್ತು. ಬಾಯಲ್ಲಿ ಒಂದು ಮರಿ ಜೋತು ಬಿದ್ದಿತ್ತು. ಅದು ಬಂಡೆಗುಡ್ಡದ ಕಡೆಗೆ ಮರೆಯಾಯಿತು. ಅದೇ ಕ್ಷಣ ಕೆರೆಯ ಕಡೆಯಿಂದ ಮತ್ತೊಂದು ಹೊಸ ಗಂಡುಹುಲಿಯ ಕೂಗು ಕೇಳಿಸಿತು. ದೂರವಿತ್ತು, ಆದರೆ ಬಹಳ ದೂರವಿರಲಿಲ್ಲ.

ನಾಲ್ಕು ಮಾರು ಮುಂದೆ ಹೋಗಿ ನಿಂತರೆ ವ್ಯಾಪಾರಿಗೆ ಹುಲಿ ಸಿಗುತ್ತಿತ್ತು. ಹಿಂದಿನ ಗಾಡಿಗಳಿಗೂ ಸಿಗುತ್ತಿತ್ತು. ಅವಳ ಹೆಸರು ಇನ್ನಷ್ಟು ದೊಡ್ಡದಾಗುತ್ತಿತ್ತು. ಎರಡನೆಯ ಮರಿ ಮೆಳೆಯಲ್ಲೇ ಇತ್ತು.

ಹೆಂಗಸು ಸ್ಟೇರಿಂಗಿನ ಕೆಳಗೆ ಕೈ ಹಾಕಿ ಒಂದು ತಂತಿಯನ್ನು ಕಿತ್ತಳು. ಎಂಜಿನ್ನು ಕೆಮ್ಮಿ ನಿಂತಿತು. ಗಾಡಿಯನ್ನು ಇಳಿಜಾರಿನಲ್ಲಿ ಸ್ವಲ್ಪ ಹಿಂದಕ್ಕೆ ಉರುಳಲು ಬಿಟ್ಟಳು. ತಿರುವಿನ ಆಚೆಯ ದಾರಿ ಅವಳಿಗೂ ಕಾಣದಾಯಿತು.

'ಗಾಡಿ ಕೆಟ್ಟಿತು ಸ್ವಾಮಿ,' ಎಂದಳು.

ಹಿಂದಿನ ಗಾಡಿಯ ಚಾಲಕ ಎದ್ದು ನಿಂತು ನೋಡಿದ. ಅವನಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ಮುಖವೆಲ್ಲ ನಗುವಾಯಿತು.

'ಏನಕ್ಕಾ, ನಿನ್ನ ಗಾಡೀನೂ ಮುನಿಸ್ಕೊಳ್ತಾ?'

'ನಾನು ಆವತ್ತೇ ಹೇಳ್ಲಿಲ್ವಾ?' ಎಂದ ಅದರ ಹಿಂದಿನವನು. 'ಸ್ಟೇರಿಂಗು ಸೌಟಲ್ಲ ಅಂತ.'

ಆ ನಗು ಗಾಡಿಯಿಂದ ಗಾಡಿಗೆ ಹಿಂದಕ್ಕೆ ಹೋಯಿತು. ಹೆಂಗಸಿನ ನಾಲಿಗೆಯ ತುದಿಗೆ ಮಾತು ಬಂದಿತು. ಅವಳು ತುಟಿ ಕಚ್ಚಿಕೊಂಡು ಕೂತಳು.

ಮುಂದೆ ಹೋಗುವಂತಿರಲಿಲ್ಲ, ತಿರುಗಿಸಲು ಜಾಗವಿರಲಿಲ್ಲ. ಒಂದೊಂದೇ ಗಾಡಿ ಎಂಜಿನ್ನು ನಿಲ್ಲಿಸಿತು. ಕೊನೆಯದೂ ನಿಂತ ಮೇಲೆ, ಎದ್ದ ಧೂಳು ಬಿಸಿಲಿನಲ್ಲಿ ಹಾಗೇ ತೇಲುತ್ತ, ಇಳಿಯಲೋ ಬೇಡವೋ ಎನ್ನುವ ಹಾಗೆ ಇಳಿಯತೊಡಗಿತು. ಬೈಯುತ್ತಿದ್ದವರು ಬೈಗುಳ ಮರೆತರು. ಮಾತು ಪಿಸುಮಾತಾಯಿತು, ಪಿಸುಮಾತು ಉಸಿರಾಯಿತು. ಒಂದು ಮಗು ತಾಯಿಯ ತೊಡೆಯ ಮೇಲೆ ಮಲಗಿತು. ತಾಯಿಯೂ ಮಲಗಿದಳು. ವ್ಯಾಪಾರಿ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಕಾಡು ಆ ಸಾಲುಗಾಡಿಗಳ ಮೇಲೆ ಬಂದು, ನೀರಿನ ಹಾಗೆ, ಮುಚ್ಚಿಕೊಂಡಿತು.

ಹೆಂಗಸು ಎಚ್ಚರವಾಗಿದ್ದಳು. ಕೆರೆಯ ಕಡೆ ಒಂದು ಜಿಂಕೆ ಕೂಗಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಗಂಡುಹುಲಿಯ ಕೂಗು ಮತ್ತೆ ಬಂದಿತು, ಈಗ ಹತ್ತಿರ. ಅಷ್ಟರಲ್ಲಿ ದಾರಿಯ ಆಚೆ, ಬಂಡೆಗುಡ್ಡದ ಮರದಿಂದ, ಮುಸುವವೊಂದು ಹುಲಿ ಕಂಡ ಕೂಗು ಕೂಗಿತು. ಕೂಗು ದಾರಿ ದಾಟಿತ್ತು. ಅವಳಿಗೆ ಕಂಡದ್ದು ಮುಂದಿನ ಪೊದೆ ಮಾತ್ರ.

ವ್ಯಾಪಾರಿ ಕಣ್ಣು ಬಿಟ್ಟ.

'ಅಮ್ಮಾ, ಎಂಥದೋ ಕನಸು ಬಿತ್ತು. ನಮ್ಮವ್ವ ನನ್ನ ಕುತ್ತಿಗೇನ ಹಲ್ಲಲ್ಲಿ ಕಚ್ಕೊಂಡು ಎಲ್ಲಿಗೋ ಹೋಗ್ತಿದ್ಲು. ನಾನು ಇಷ್ಟೇ ಇಷ್ಟಿದ್ದೆ.'

'ನೋವಾಯ್ತಾ ಸ್ವಾಮಿ?'

'ಇಲ್ಲ ಕಣಮ್ಮ. ಜೋಲೀಲಿ ಮಲಗಿದ ಹಾಗಿತ್ತು.' ಆಮೇಲೆ ಅವನಿಗೆ ತಾನು ಬಂದ ಕೆಲಸ ನೆನಪಾಯಿತು. 'ನಿನ್ನ ಡಬ್ಬಾ ಗಾಡಿ ಸರಿಹೋಯ್ತೋ ಇಲ್ವೋ?'

ಅವಳು ಸ್ಟೇರಿಂಗಿನ ಕೆಳಗೆ ಕೈ ಹಾಕಿದಳು. ಗಾಡಿ ಹೊರಟಿತು. ದಾರಿ ಖಾಲಿಯಾಗಿತ್ತು.

ಗೇಟಿನ ಹೊರಗೆ ವ್ಯಾಪಾರಿ, 'ಏನೂ ಕಾಣಲಿಲ್ಲ,' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮರುದಿನ ಅವಳ ಗಾಡಿಯನ್ನು ಕೊನೆಗೆ ನಿಲ್ಲಿಸಿದರು. ನಡೆದದ್ದನ್ನು ಹೇಳಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಆದರೆ ಕೇಳಿದವರೆಲ್ಲ ಮರುಬೆಳಿಗ್ಗೆಯೇ ಬಂಡೆಗುಡ್ಡದ ಮುಂದೆ ಗಾಡಿ ನಿಲ್ಲಿಸುತ್ತಿದ್ದರು. ಅವಳು ಹೇಳಲಿಲ್ಲ. ಸೌಟಿನ ಮಾತು ಬಂದಾಗಲೆಲ್ಲ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಸುಮ್ಮನೆ ಗಾಡಿ ಓಡಿಸಿದಳು. ಅವಳ ಬಾಯಿ ಬಲ್ಲವರಿಗೆ ಅದು ಕೊನೆಯವರೆಗೂ ಆಶ್ಚರ್ಯವಾಗಿಯೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಚೌಕಟ್ಟನ್ನು ಹಿಡಿದೇ ನಿಂತಿದ್ದ.

"ಅಷ್ಟೆಲ್ಲ ಕಳೆದುಕೊಂಡಳಲ್ಲ," ಎಂದ. "ಆ ಮರಿ ದಾಟಿದ್ದನ್ನು ಅವಳಾದರೂ ಕಣ್ಣಾರೆ ನೋಡಬೇಕಿತ್ತಲ್ಲವೇ?"

ಗುರುಗಳು ಅವನ ಭುಜದ ಆಚೆಗೆ, ಅಂಗಳದ ತಂತಿಯ ಕಡೆಗೆ ನೋಡಿದರು.

"ಬಾಗಿಲಿಂದ ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ, ಆ ಗುಬ್ಬಚ್ಚಿ ಆಗಿನಿಂದ ಹುಳು ಕಚ್ಚಿಕೊಂಡು ಒಳಗಿನ ಗೂಡಿಗೆ ಬರಲು ನೋಡುತ್ತಿದೆ."