ಬೆಲ್ಲ ಹಂಚದ ಕೂಸು

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಕರಡಿಬಂಡೆ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ನಾನು ಹೇಳುವುದು ಆಗಿನ ಮಾತು. ಊರ ಹಿಂದೆ ಬೋಳು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಬಂಡೆವ್ವನ ಗುಡಿ. ಬಂಡೆವ್ವ ಒಂದು ಕಾಲು ಊರಿ, ಇನ್ನೊಂದನ್ನು ತುಸು ಎತ್ತಿ, ಸೊಂಟ ವಾಲಿಸಿ ನಿಂತಿದ್ದಾಳೆ. ಯಾವ ಕಲ್ಲುಕುಟಿಗ ಹಾಗೆ ಕಡೆದನೋ, ಯಾಕೆ ಕಡೆದನೋ, ಯಾರಿಗೂ ಗೊತ್ತಿಲ್ಲ.

ಆ ಊರಲ್ಲಿ ಹೆಣ್ಣುಕೂಸು ಹುಟ್ಟಿದರೆ ಎಣ್ಣೆ ಹಚ್ಚಿ ಎರೆದು, ಎರಡೂ ಕಾಲು ಜೋಡಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಹಳೇ ಸೀರೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಕಾಲು ನೆಟ್ಟಗಾಗಬೇಕು, ನೆಟ್ಟಗಿನ ಕಾಲಿಗೆ ಒಳ್ಳೆಯ ಗಂಡು ಸಿಗಬೇಕು ಅಂತ. ಗಂಡುಕೂಸಿನ ಕಾಲು ಹೇಗಿದ್ದರೇನು, ಅವನಿಗೆ ಹೆಣ್ಣು ಸಿಕ್ಕೇ ಸಿಗುತ್ತದೆ, ಅವನನ್ನು ಹಾಗೇ ಬಿಡುತ್ತಿದ್ದರು. ಹಾಗೆ ಸುತ್ತಿಸಿಕೊಂಡ ಹುಡುಗಿಯರಲ್ಲಿ ಕೆಲವರು ತಡವಾಗಿ ನಡೆಯುತ್ತಿದ್ದರು, ನಡೆದಾಗ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತ ನಡೆಯುತ್ತಿದ್ದರು. ಆಗ ಊರಿಗೆ ಊರೇ ಹಿಗ್ಗುತ್ತಿತ್ತಂತೆ. ಬಂಡೆವ್ವನ ನಡಿಗೆ ಬಂತು, ಅವ್ವ ಮೈಯಲ್ಲಿ ಇಳಿದಳು ಅಂತ ಮನೆಮನೆಗೆ ಬೆಲ್ಲ ಹಂಚುತ್ತಿದ್ದರಂತೆ. ಕೂಸಿಗೆ ನೋವಿಲ್ಲ, ಅಳುವಿಲ್ಲ, ತನ್ನ ಪಾಡಿಗೆ ಆಡಿಕೊಂಡಿರುತ್ತಿತ್ತು. ಬೆಲ್ಲ ಹಂಚದೆ ಇನ್ನೇನು ಮಾಡಿಯಾರು ಹೇಳಿ.

ಆದರೆ ಆ ಕೂಸು ಬೆಳೆದು, ಮದುವೆಯಾಗಿ, ಮೂವತ್ತರ ಆಸುಪಾಸಿಗೆ ಬರುವ ಹೊತ್ತಿಗೆ ತೊಡೆಯ ಸಂದಿನಲ್ಲಿ ನೋವು ಶುರುವಾಗುತ್ತಿತ್ತು. ಮೊದಲು ಗುಡ್ಡ ಹತ್ತುವಾಗ, ಆಮೇಲೆ ಬೀಸುವ ಕಲ್ಲಿನ ಮುಂದೆ ಕೂರುವಾಗ, ಆಮೇಲೆ ಮಲಗಿ ಮಗ್ಗುಲು ಬದಲಿಸುವಾಗ. ನಲವತ್ತಕ್ಕೆ ಕೈಗೆ ಕೋಲು ಬರುತ್ತಿತ್ತು. ಅದಕ್ಕೂ ಊರವರ ಬಳಿ ಉತ್ತರವಿತ್ತು. ಅವ್ವ ಕೊಟ್ಟಿದ್ದನ್ನು ಅವ್ವನೇ ವಾಪಸು ತಗೊಳ್ತಾಳೆ ಅನ್ನುತ್ತಿದ್ದರು.

ಆ ಊರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ಅವಳ ಕೌದಿ ಹೊದ್ದರೆ ಚಳಿ ಬಾಗಿಲಲ್ಲೇ ನಿಂತು ಹೊರಟುಹೋಗುತ್ತಿತ್ತು ಅಂತಾರೆ. ಅವಳಿಗೂ ಕೂಸಾಗಿದ್ದಾಗ ಬೆಲ್ಲ ಹಂಚಿದ್ದರು, ಅವಳಿಗೂ ಮೂವತ್ತಕ್ಕೆ ಸೊಂಟ ಹಿಡಿಯಿತು. ಚಕ್ಕಳಮಕ್ಕಳ ಕೂರಲಾಗದೆ ಒಂದು ಕಾಲು ಚಾಚಿ, ಹಲ್ಲು ಕಚ್ಚಿ ಹೊಲಿಯುತ್ತಿದ್ದಳು. ಮಾತು ಮಾತ್ರ ಅವಳ ಸೂಜಿಗಿಂತ ಚೂಪು.

ಒಂದು ಸಲ ಕುರಿಗಾರರು ಊರ ಹೊರಗೆ ಬೀಡುಬಿಟ್ಟರು. ಫಕೀರವ್ವ ಕೌದಿ ಕೊಟ್ಟು ಉಣ್ಣೆ ತರಲು ಹೋದಳು. ಅಲ್ಲಿ ಅವಳ ಅವ್ವನಿಗಿಂತ ಹಿರಿಯಳಾದ ಮುದುಕಿಯೊಬ್ಬಳು ಕುಕ್ಕರಗಾಲಲ್ಲಿ ಕೂತು, ಈಯುತ್ತಿದ್ದ ಕುರಿಯ ಮರಿಯನ್ನು ಹೊರಗೆ ಎಳೆದು, ನೆಲಕ್ಕೆ ಕೈ ಊರದೆ ಎದ್ದು ನಿಂತಳಂತೆ. ಫಕೀರವ್ವ ಉಣ್ಣೆ ಮರೆತು ಅವಳನ್ನೇ ನೋಡಿದಳು. ಸುತ್ತ ಕಣ್ಣು ಹಾಯಿಸಿದರೆ, ಅವರ ಹೆಣ್ಣುಕೂಸುಗಳೆಲ್ಲ ಅವ್ವಂದಿರ ಬೆನ್ನಿಗೆ ಕಾಲು ಅಗಲಿಸಿ ಕಪ್ಪೆಮರಿಯಂತೆ ಅಂಟಿಕೊಂಡಿದ್ದವು. ಒಂದರ ಕಾಲಿಗೂ ಪಟ್ಟಿ ಇರಲಿಲ್ಲ.

ಅಂದಿನಿಂದ ಅವಳ ತಲೆಯಲ್ಲಿ ಹುಳ ಹೊಕ್ಕಿತು. ಕೌದಿಯ ನೆಪದಲ್ಲಿ ಮನೆಮನೆ ಹೊಕ್ಕು, ಕೋಲು ಹಿಡಿದ ಹೆಂಗಸರನ್ನೆಲ್ಲ ಒಂದೇ ಮಾತು ಕೇಳಿದಳು. ನಿನಗೆ ಬೆಲ್ಲ ಹಂಚಿದ್ದರೇನು? ಹಂಚಿದ್ದರು. ನಿನಗೆ? ಹಂಚಿದ್ದರು. ಒಬ್ಬಿಬ್ಬರಿಗೆ ಹಂಚಿರಲಿಲ್ಲ, ಆದರೆ ಕೂಸಿದ್ದಾಗ ಅವರ ಒಂದು ಕಾಲು ಸರಿಯಾಗಿ ಅಗಲುತ್ತಿರಲಿಲ್ಲ ಅಂತ ಅವರ ಅವ್ವಂದಿರಿಗೆ ನೆನಪಿತ್ತು. ಇಂದಿನ ನೋವು ತೊಟ್ಟಿಲಲ್ಲೇ ಹುಟ್ಟಿದ್ದು, ಕಾಲಿಗೆ ಸುತ್ತಿದ ಪಟ್ಟಿ ಅದನ್ನು ಬೆಳೆಸಿದ್ದು ಅಂತ ಫಕೀರವ್ವನಿಗೆ ಖಾತ್ರಿಯಾಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳಂತೆ.

ಆ ಹೊತ್ತಿಗೆ ಅವಳ ತಮ್ಮ ದ್ಯಾಮಣ್ಣನಿಗೆ ಹೆಣ್ಣುಕೂಸು ಹುಟ್ಟಿತು. ಹುಲಿಗೆವ್ವ ಅಂತ ಹೆಸರಿಟ್ಟರು. ಊರ ಕೂಸುಗಳಿಗೆಲ್ಲ ಎರೆಯುವ ಬಾಳವ್ವಜ್ಜಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಫಕೀರವ್ವ ಬಗ್ಗಿ ನೋಡಿದಳು. ಎಡಗಾಲು ಅರ್ಧಕ್ಕೇ ನಿಲ್ಲುತ್ತಿತ್ತು, ಎಡತೊಡೆಯಲ್ಲಿ ಮಡಿಕೆಯೊಂದು ಹೆಚ್ಚಿತ್ತು. ಬಾಳವ್ವಜ್ಜಿಯೂ ನೋಡಿದಳು, ನೋಡಿ ಹಿಗ್ಗಿದಳು. ಇದು ಅವ್ವನ ಕೂಸೇ, ಬೆಲ್ಲ ತಂದಿಡಿ ಅಂದು ಪಟ್ಟಿ ಕೈಗೆತ್ತಿಕೊಂಡಳು. ಫಕೀರವ್ವ ಆ ಪಟ್ಟಿಯನ್ನು ಕಸಿದು ನೀರೊಲೆಗೆ ಹಾಕಿದಳಂತೆ.

ತಮ್ಮನ ಹೆಂಡತಿ ಸೋಮವ್ವ ಒಲೆಯ ಕಡೆ ಓಡಿಬಂದಳು. "ಬಂಡೆವ್ವ ಸಿಟ್ಟಾದ್ರ ಏನ್ ಮಾಡೂದಕ್ಕಾ?" ಅಂದಳು.

"ಸೋಮವ್ವಾ, ನನಗೂ ಬೆಲ್ಲ ಹಂಚಿದ್ರು. ಬೆಲ್ಲ ತಿಂದಾವ್ರು ಊರ ಮಂದಿ, ನೋವು ತಿಂದಾಕಿ ನಾನು. ಈ ಕೂಸಿಗೂ ಅದನ್ನ ತಿನ್ನಸ್ತಿಯೇನು?"

ಸೋಮವ್ವ ಕೂಸನ್ನು ಎತ್ತಿ ನಾದಿನಿಯ ಮಡಿಲಿಗೆ ಹಾಕಿದಳು.

ಫಕೀರವ್ವ ಒಂದು ಪುಟ್ಟ ಕೌದಿ ಹೊಲಿದಳು. ನಡುವೆ ದಪ್ಪ, ಎರಡು ಕಡೆ ತೆಳು, ಹೆಗಲಿಗೆ ಎರಡು ಪಟ್ಟಿ. ದಪ್ಪ ಭಾಗ ತೊಡೆಗಳ ನಡುವೆ ಕೂತರೆ ಮೊಣಕಾಲು ಮಡಚಿ, ಕುರಿಗಾರರ ಕೂಸುಗಳ ಹಾಗೆ ಕಾಲು ತಾವಾಗಿ ಅಗಲುತ್ತಿದ್ದವು. ಕೂಸು ಒದೆಯಬಹುದಿತ್ತು, ಕಾಲು ಕೂಡಿಸುವ ಹಾಗಿರಲಿಲ್ಲ. ಅದಕ್ಕೆ ಬಟ್ಟೆ ಕೊಟ್ಟವರು ಕೋಲು ಹಿಡಿದ ಹೆಂಗಸರೇ ಅಂತಾರೆ. ನೂರು ತುಂಡು ಅಂತಾರೆ ಕೆಲವರು, ಸಾವಿರ ಅಂತಾರೆ ಇನ್ನು ಕೆಲವರು. ಗೇಣಗಲದ ಕೌದಿಯಲ್ಲಿ ಸಾವಿರ ತುಂಡು ಹೇಗೆ ಹಿಡಿದವು ಅಂತ ನೀವು ಕೇಳಬೇಡಿ, ನಾನೂ ಕೇಳಿಲ್ಲ.

ಊರು ಸುಮ್ಮನಿರಲಿಲ್ಲ. ಅವ್ವನ ನಡಿಗೆಗೆ ಅಡ್ಡ ಬಂದಳು ಅಂತ ಹಿರಿಯರು ಕೂಡಿ, ಕೂಸು ನಡೆಯದೆ ಹೋದರೆ ಫಕೀರವ್ವ ಊರು ಬಿಡಬೇಕು ಅಂದರು. ಅವಳಿಗೆ ಹೊಲಿಯಲು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಕೂಸನ್ನು ಕಪ್ಪೆ ಅಂತ ಕರೆದರು. ಕಪ್ಪೆ ಕುಂಟಿದ್ದನ್ನು ಎಲ್ಲಾದರೂ ನೋಡಿದ್ದೀರಾ ಅಂತ ಫಕೀರವ್ವ ಅವರ ಬಾಯಿ ಮುಚ್ಚಿಸುತ್ತಿದ್ದಳಂತೆ. ಆದರೆ ಒಳಗೆ ಅವಳ ಜೀವ ಹಿಡಿಯಷ್ಟಾಗಿತ್ತು. ಊರು ಬಿಡುವ ಭಯಕ್ಕಲ್ಲ, ತಾನು ತಿಳಿದದ್ದು ತಪ್ಪಾಗಿ ಈ ಕೂಸು ಕೂತಲ್ಲೇ ಕೂತುಬಿಟ್ಟರೆ ಅಂತ.

ಎಡಗಾಲು ಬಲಗಾಲಿನಷ್ಟೇ ಅಗಲತೊಡಗಿದ ಮೇಲೂ ಕೆಲವು ತಿಂಗಳು ಬಿಟ್ಟು ಕೌದಿ ಬಿಚ್ಚಿದಳು. ಕೂಸು ಅಂಬೆಗಾಲಿಟ್ಟಿತು, ಎದ್ದಿತು, ಬಿತ್ತು, ಮತ್ತೆ ಎದ್ದಿತು. ಒಂದು ಮುಂಜಾನೆ ಬಾವಿಯ ಹತ್ತಿರ, ನೀರಿಗೆ ಬಂದವರೆಲ್ಲ ನೋಡುತ್ತಿದ್ದಂತೆ, ಹುಲಿಗೆವ್ವ ಅವ್ವನ ಸೆರಗು ಬಿಟ್ಟು ಅತ್ತೆಯ ಕಡೆ ನಡೆದಳು. ಆಚೆಗೂ ವಾಲಲಿಲ್ಲ, ಈಚೆಗೂ ವಾಲಲಿಲ್ಲ. ಆ ಗಳಿಗೆಗೆ ಗುಡ್ಡದ ಮೇಲೆ ಬಂಡೆವ್ವನೇ ಎತ್ತಿದ ಕಾಲು ಕೆಳಗಿಟ್ಟಳು ಅಂತಾರೆ. ನಾನು ನೋಡಿದ್ದೇನೆ, ಕಾಲು ಎತ್ತಿದ್ದು ಎತ್ತಿದ ಹಾಗೇ ಇದೆ. ಅದಕ್ಕೆ ಭಕ್ತಿಯ ಕಣ್ಣು ಬೇಕು ಅಂತ ನನ್ನನ್ನೇ ಬೈಯುತ್ತಾರೆ.

ಬಾಳವ್ವಜ್ಜಿ ಮಾತ್ರ ಸೋಲಲಿಲ್ಲ. "ಈಗೇನು ನೋಡೂದೈತಿ? ನೋವು ಬರೂದು ಮೂವತ್ತಕ್ಕ. ಆವಾಗ ಹೇಳು," ಅಂದಳು. ಆ ಮಾತು ಖರೆ ಅಂತ ಫಕೀರವ್ವನಿಗೂ ಗೊತ್ತಿತ್ತು. ಹಾಗಾದರೆ ಅಲ್ಲಿಯವರೆಗೆ ಬದುಕಿಯೇ ಬದುಕುತ್ತೇನೆ ಅಂತ ಹಟ ಹಿಡಿದಳು. ಯಮ ಬಂದಾಗಲೆಲ್ಲ ಇನ್ನೊಂದು ಕೌದಿ ಬಾಕಿ ಇದೆ ಅಂತ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಕಳಿಸುತ್ತಿದ್ದಳು ಅಂತಾರೆ. ಬಾಕಿ ಇದ್ದದ್ದು ನಿಜ. ಎದುರಿಗೆ ನಕ್ಕವರ ಸೊಸೆಯಂದಿರೇ ಹಿತ್ತಲ ಬಾಗಿಲಿಗೆ ಬಂದು ತಮ್ಮ ಕೂಸಿಗೂ ಒಂದು ಬೇಕು ಅನ್ನುತ್ತಿದ್ದರು.

ಹುಲಿಗೆವ್ವನಿಗೆ ಮೂವತ್ತು ದಾಟಿತು. ಮೂರು ಮಕ್ಕಳನ್ನು ಹೆತ್ತಳು. ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತಳು, ಬೀಸಿದಳು, ಕುಟ್ಟಿದಳು, ಎರಡೆರಡು ಕೊಡ ಹೊತ್ತಳು. ನೋವು ಅವಳ ಮನೆಯ ದಾರಿ ಮರೆತೇಬಿಟ್ಟಿತು. ಒಂದು ದಿನ ಅವಳು ಫಕೀರವ್ವನ ಮುಂದೆ ಬೆನ್ನು ಬಗ್ಗಿಸಿ, "ಬಾ ಅತ್ತಿ, ಗುಡ್ಡಕ್ಕ ಹೋಗೂನು," ಅಂದಳು. ಫಕೀರವ್ವ ಗುಡ್ಡ ಹತ್ತಿ ಎಷ್ಟೋ ಕಾಲವಾಗಿತ್ತು. ಅವಳ ಕೀಲು ಸವೆದು ಹೋಗಿತ್ತು, ಅದಕ್ಕೆ ಯಾವ ಕೌದಿಯೂ ಇರಲಿಲ್ಲ. ಬ್ಯಾಡ ಬ್ಯಾಡ ಅಂದರೂ ಹುಲಿಗೆವ್ವ ಅವಳನ್ನು ಬೆನ್ನಿಗೆ ಹಾಕಿಕೊಂಡು ಹೊರಟಳು. ಊರೆಲ್ಲ ಹಿಂದೆ ಹೊರಟಿತು. ನಡುದಾರಿಯಲ್ಲಿ ಗಂಡಸರು ಏದುಸಿರು ಬಿಟ್ಟು ಕೂತರು, ಹುಲಿಗೆವ್ವ ಕೂರಲಿಲ್ಲ. ಬಾಳವ್ವಜ್ಜಿ ಆಗ ಇದ್ದಳೋ ಇಲ್ಲವೋ. ಇದ್ದಳು ಅನ್ನುವವರು, ಅವಳೇ ಮೊದಲು ಕೈಮುಗಿದಳು ಅಂತಾರೆ.

ಗುಡಿಯಲ್ಲಿ ಫಕೀರವ್ವ ವಾಲಿ ನಿಂತ ಬಂಡೆವ್ವನನ್ನು ಬಹಳ ಹೊತ್ತು ನೋಡಿದಳಂತೆ. "ಯವ್ವಾ, ನಿನ್ನ ಟೊಂಕಾನೂ ನೋಯ್ತೈತೇನ?" ಅಂತ ಕೇಳಿದಳಂತೆ. ಹೊದ್ದಿದ್ದ ಕೌದಿ ತೆಗೆದು, ಮಡಚಿ, ಎತ್ತಿದ ಆ ಕಾಲಿನ ಕೆಳಗೆ ಇಟ್ಟಳಂತೆ. ಹುಲಿಗೆವ್ವನ ಬೆನ್ನ ಮೇಲೆ ನಗುತ್ತಲೇ ಇಳಿದು ಬಂದಳಂತೆ.

ಈಗಲೂ ಕರಡಿಬಂಡೆಯಲ್ಲಿ ಕೂಸು ಹುಟ್ಟಿದರೆ ಹಿರಿಯಳೊಬ್ಬಳು ಬಂದು ಅದರ ಮೊಣಕಾಲು ಮಡಚಿ, ಮೆಲ್ಲಗೆ ಅಗಲಿಸಿ ನೋಡುತ್ತಾಳೆ. ಒಂದು ಕಾಲು ತಡೆದರೆ ಅದೇ ದಿನ ಪೇಟೆಯ ದವಾಖಾನೆಗೆ ಬಸ್ಸು ಹತ್ತಿಸುತ್ತಾರೆ. ಸುಗ್ಗಿ ಮುಗಿದ ಮೇಲೆ ಒಂದು ದಿನ, ಮೂವತ್ತು ದಾಟಿದ ಹೆಂಗಸರು ಸೊಂಟ ಹಿಡಿದ ಹಿರಿಯರನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುತ್ತಾರೆ. ಬೆನ್ನೇರಿದವರ ಕೋಲುಗಳನ್ನು ಗುಡ್ಡದ ಬುಡದಲ್ಲಿ ಒಟ್ಟುತ್ತಾರೆ. ಮೊದಲು ಅಲ್ಲಿ ಸೌದೆಯ ಹೊರೆಯಷ್ಟು ಕೋಲು ಇರುತ್ತಿದ್ದವಂತೆ. ಹೋದ ವರ್ಷ ಒಂದೇ ಒಂದಿತ್ತು. ಅದು ನನ್ನದು, ನಾನು ದೂರದ ಊರಿನಿಂದ ಸೊಸೆಯಾಗಿ ಬಂದವಳು, ಅಲ್ಲಿ ಕೂಸಿನ ಕಾಲು ಅಗಲಿಸಿ ನೋಡುವವರಿರಲಿಲ್ಲ. ನನ್ನನ್ನು ಹೊತ್ತವಳು ನನ್ನ ಮೊಮ್ಮಗಳು, ದಾರಿಯುದ್ದಕ್ಕೂ ಹಾಡುತ್ತ ಹತ್ತಿದಳು.