ಸ್ಟಾಪ್ ಬೋರ್ಡು ಮತ್ತು ಹಾಲ್ಟಿಂಗ್ ಬಸ್ಸು

ಕಾರಹುಣ್ಣಿಮೆಯ ಮಾರನೇ ದಿನ, ಏಳನೇ ಕ್ಲಾಸಿನ ಚೀಲವನ್ನು ಶಾಲೆಯಲ್ಲೇ ಬಿಟ್ಟು, ನಾನು ಮೊದಲ ಸಲ ಊರು ಬಿಟ್ಟೆ. ಈ ಜಗಳ ಕೇಳಿದ್ದು ಆಮೇಲೆ ಎಷ್ಟೋ ಊರು ದಾಟಿ, ಗುಡ್ಡದ ಮೇಲಿನ ಕೊಡಸಗಟ್ಟೆಯಲ್ಲಿ.

ರಾತ್ರಿ ಅಲ್ಲೇ ತಂಗಿದ್ದ ಹಾಲ್ಟಿಂಗ್ ಬಸ್ಸು ಬೆಳಗ್ಗೆ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ರಸ್ತೆ ಬದಿಯ ಸ್ಟಾಪ್ ಬೋರ್ಡು ನಕ್ಕಿತು.

"ಏನಜ್ಜಾ, ಹಾಲ್ಟಿಂಗ್ ಅಂತ ಹಣೆ ಮೇಲೆ ಬರೆಸಿಕೊಂಡು ಮೆರೀತಿದ್ದೆಯಲ್ಲ? ಸ್ಟಾಪ್ ಅಂದ್ರೂ ನಿಲ್ಲೋದೇ, ಹಾಲ್ಟ್ ಅಂದ್ರೂ ನಿಲ್ಲೋದೇ. ಇವತ್ತು ಹೊರಡದಿದ್ರೆ ನಿನ್ನನ್ನು ಗುಜರಿಗೆ ಹಾಕ್ತಾರಂತೆ!"

"ನೀನು ಎತ್ತ ಮುಖ ಮಾಡಿ ನಿಂತಿದ್ದೀಯ, ತಮ್ಮಾ?" ಬಸ್ಸು ಕೇಳಿತು.

"ಎತ್ತ ಆದರೇನು? ನಿಂತವನಿಗೆ ದಿಕ್ಕು ಯಾಕೆ?"

"ಅದಕ್ಕೇ ನೀನು ಸ್ಟಾಪು, ನಾನು ಹಾಲ್ಟು. ನಮ್ಮ ಡ್ರೈವರ್ ಈರಭದ್ರಣ್ಣ ನಿಲ್ಲಿಸುವಾಗಲೇ ನನ್ನ ಮೂತಿ ಇಳಿಜಾರಿಗೆ ತಿರುಗಿಸಿರ್ತಾನೆ."

ಅಷ್ಟರಲ್ಲಿ ಈರಭದ್ರಣ್ಣ ಸ್ಟೇರಿಂಗ್ ಹಿಡಿದ. ಕಂಡಕ್ಟರು ಚಕ್ರದಡಿಯ ಕಲ್ಲು ಎಳೆದ. ಬಸ್ಸು ಇಳಿಜಾರಿನಲ್ಲಿ ತಾನೇ ಉರುಳಿತು, ಗೇರು ಬಿದ್ದದ್ದೇ ತಡ, ಇಡೀ ಊರು ಏಳುವ ಹಾಗೆ ಗುಡುಗಿತು.

"ಅಯ್ಯೋ, ನಿಂತುಹೋದೆ ಅಂದುಕೊಂಡಿದ್ದೆನಲ್ಲೋ!" ಬೋರ್ಡು ಕೂಗಿತು.

"ಸರಿಯಾಗೇ ಅಂದುಕೊಂಡಿದ್ದೆ," ಬಸ್ಸು ಹಾರ್ನ್ ಬಾರಿಸುತ್ತಾ ಹೇಳಿತು. "ನಿಂತೆ, ಹೋದೆ!"

ಎದುರಿನ ಜಗಲಿಯಲ್ಲಿ ಮಲಗಿದ್ದ ನಾನು ಎದ್ದು ಕಂಬಳಿ ಸುತ್ತಿ ಹೆಗಲಿಗೇರಿಸಿದೆ. ಮೆಟ್ಟಿಲ ಕೆಳಗೆ ನನ್ನ ಚಪ್ಪಲಿಗಳೂ ರಸ್ತೆಯ ಕಡೆಗೇ ಮುಖ ಮಾಡಿದ್ದವು.